ಬಚ್ಚಲ ನೀರಿನ ಸೆಲರಿ

ಇದು ನಡೆದದ್ದೇ ಹೌದೋ ಅಲ್ಲವೋ ನನಗೆ ಗೊತ್ತಿಲ್ಲ. ಮೊದಲೇ ಹೇಳಿಬಿಡುವುದು ಒಳ್ಳೆಯದು.

ಬಚ್ಚಲುಮನೆಯ ಹಿಂಗೋಡೆ. ಚಪ್ಪಡಿಯ ಸಂದಿಯಿಂದ ನೀರು ಹರಿದು ಅಲ್ಲಿನ ನೆಲ ಸದಾ ಕಪ್ಪಗೆ, ಒದ್ದೆ. ಆ ಒದ್ದೆಯಲ್ಲಿ ಹಸಿರಾಗಿ ಏನೋ ಗಿಡ. ಯಾರೋ ನನ್ನನ್ನು ಎತ್ತಿಕೊಂಡಿದ್ದಾರೆ. ಒಂದು ಕೈ ಕೆಳಗೆ ಹೋಗಿ ಗಿಡದ ಕಡ್ಡಿಯೊಂದನ್ನು ಲಟಕ್ಕನೆ ಮುರಿದು ನನ್ನ ಮೂಗಿಗೆ ಹಿಡಿಯುತ್ತದೆ, ಆಮೇಲೆ ಬಾಯಿಗೆ ಇಡುತ್ತದೆ. ಕಹಿ, ಸ್ವಲ್ಪ ಉಪ್ಪು, ಮೂಗಿನೊಳಗೆ ಏರುವಂಥ ಘಾಟು. ನಾನು ಉಗುಳುತ್ತೇನೆ. ಎತ್ತಿಕೊಂಡವರು ನಗುತ್ತಾರೆ. ನಗು ಕಿವಿಗೆ ಕೇಳಿಸಿದ್ದು ನೆನಪಿಲ್ಲ. ನಾನು ಒರಗಿದ್ದ ಎದೆ ಅಲುಗಿದ್ದು ನೆನಪಿದೆ. ಇಷ್ಟೇ. ಇದಕ್ಕೆ ಮುಂದಿಲ್ಲ, ಹಿಂದಿಲ್ಲ, ಮುಖವಿಲ್ಲ.

ಆ ಎದೆ ಅಪ್ಪನದು ಎಂದು ಇಷ್ಟು ವರ್ಷ ನಂಬಿಕೊಂಡು ಬಂದಿದ್ದೇನೆ.

ಅಪ್ಪ ತೀರಿಕೊಂಡಾಗ ನನಗೆ ನಾಲ್ಕು ತುಂಬಿರಲಿಲ್ಲ. ಪುರವರದ ಹತ್ತಿರದ ನಮ್ಮ ಹಳ್ಳಿಯಲ್ಲಿ ಅವನನ್ನು ಕಂಡವರು ಕೆಲವರು ಇನ್ನೂ ಇದ್ದಾರೆ. ನಾನು ಹೋದರೆ ಅವನ ಮಾತು ತೆಗೆಯುತ್ತಾರೆ. ಮಾತು ಕಡಿಮೆಯಂತೆ, ಹೆಜ್ಜೆ ಉದ್ದವಂತೆ, ಮುದ್ದೆಗೆ ಉಪ್ಪುಸಾರಿದ್ದರೆ ಬೇರೇನೂ ಕೇಳುತ್ತಿರಲಿಲ್ಲವಂತೆ. ಅದು ಊರಿನವರು ನನಗೆ ಕೊಟ್ಟ ಅಪ್ಪ. ಯಾರದೋ ಮದುವೆಯಲ್ಲಿ ತೆಗೆದ ಫೋಟೊ ಕೊಟ್ಟ ಅಪ್ಪ ಇನ್ನೊಬ್ಬ: ಎರವಲು ಕೋಟು, ಸರಿಯಾದ ಹೊತ್ತಿಗೆ ಮುಚ್ಚಿಕೊಂಡ ಕಣ್ಣು. ಯಾರೂ ಕೊಡದ, ನನ್ನದೇ ಆದ ಅಪ್ಪ ಎಂದರೆ ಬಚ್ಚಲ ಹಿಂದಿನ ಆ ಕೈ ಮಾತ್ರ. ಅದೂ ಸುಳ್ಳಾದರೆ, ನಾನು ತರಗತಿಯಲ್ಲಿ ಪಾಠ ಮಾಡುವ ಪಾಳೇಗಾರರ ಹಾಗೆ, ಅಪ್ಪನೂ ಬರೀ ಕೇಳಿ ತಿಳಿದವನಾಗಿಬಿಡುತ್ತಾನೆ.

ಪಾಠ ಎಂದೆನಲ್ಲ. ಮಧುಗಿರಿಯ ಒಂದು ಕಾಲೇಜಿನಲ್ಲಿ ನಾನು ಇತಿಹಾಸದ ಮೇಷ್ಟ್ರು. ಹುಡುಗರು ನನಗಿಟ್ಟ ಹೆಸರು ‘ಆಧಾರ ಸಾರ್’. ಯಾರು ಏನು ಹೇಳಿದರೂ ‘ಆಧಾರ ಏನು?’ ಎಂದು ಕೇಳುವುದು ನನಗೆ ವಿಶ್ವವಿದ್ಯಾಲಯದಲ್ಲಿ ಹತ್ತಿದ ಚಟ. ಕೋಟೆ ಕಟ್ಟಿಸಿದವನ ವಿಷಯಕ್ಕೆ ಶುರುವಾದ ಈ ಚಟ ಅಡುಗೆಮನೆಯವರೆಗೆ ಬಂತು. ಸಾರಿಗೆ ಉಪ್ಪು ಹಾಕಿದ್ದೇನೆ ಎಂದು ಹೆಂಡತಿ ಹೇಳಿದರೂ ನಾನು ಬೆರಳದ್ದಿ ನೋಡುತ್ತೇನೆ. ಇಂಥವನ ಬಳಿ ಒಂದೇ ಒಂದು ಸ್ವಂತ ನೆನಪಿದ್ದರೆ ಅದರ ಗತಿ ಏನಾದೀತು ಎಂದು ನೀವೇ ಊಹಿಸಿ. ಅದನ್ನು ನಾನು ತಿಕ್ಕಿ ತಿಕ್ಕಿ ನೋಡಿದ್ದೇನೆ. ತಿಕ್ಕಿದಷ್ಟೂ ಅದು ಹೊಳೆಯುತ್ತದೆ. ಹೊಳೆಯುವುದೇ ಅನುಮಾನಕ್ಕೆ ಕಾರಣವಾಗುತ್ತದೆ.

ಕಳೆದ ಮಾಗಿಯಲ್ಲಿ, ಅವರೆಕಾಯಿಯ ಕಾಲ, ಕೊಳಾಲದ ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಅವನು ನೆರಳುಪರದೆಯ ಕೆಳಗೆ ಬೆಂಗಳೂರಿನ ಹೋಟೆಲುಗಳಿಗೆಂದು ಬಗೆಬಗೆಯ ತರಕಾರಿ ಬೆಳೆಯುತ್ತಾನೆ. ಬರುವಾಗ ಒಂದು ಕಂತೆ ತಂದಿದ್ದ. ನೀರುಹಸಿರು ದಂಟು, ಹೆಬ್ಬೆರಳಿನಷ್ಟು ದಪ್ಪ, ತುದಿಯಲ್ಲಿ ಕೊತ್ತಂಬರಿಯ ದೊಡ್ಡಣ್ಣನಂಥ ಎಲೆ. ‘ಸೆಲರಿ ಸಾರ್, ಸೂಪಿಗೆ ಹಾಕ್ತಾರೆ’ ಎಂದ. ನಮ್ಮ ಮನೆಯಲ್ಲಿ ಸೂಪು ಮಾಡುವ ಪದ್ಧತಿಯಿಲ್ಲ. ನನ್ನ ಹೆಂಡತಿ ಅದನ್ನು ದಂಟಿನಸೊಪ್ಪಿನ ಲೆಕ್ಕಕ್ಕೆ ತೆಗೆದುಕೊಂಡು, ನಾರು ಬಿಡಿಸಿ, ಕತ್ತರಿಸಿ, ಹಿತುಕಿದ ಬೇಳೆಯ ಸಾರಿಗೆ ಧಾರಾಳವಾಗಿ ಹಾಕಿಬಿಟ್ಟಳು. ಪಾತ್ರೆ ಕುದಿಯಿತು. ಅವರೆಯ ಸೊಗಡನ್ನು ಒತ್ತಿಕೊಂಡು ಇನ್ನೊಂದು ವಾಸನೆ ಎದ್ದು ನಡುಮನೆಗೆ ಬಂತು.

ಉತ್ತರಪತ್ರಿಕೆ ತಿದ್ದುತ್ತಿದ್ದವನು ಎದ್ದು ನಿಂತೆ. ಬಚ್ಚಲ ಹಿಂದಿನ ವಾಸನೆ ಅದೇ.

ಅಡುಗೆಮನೆಯಲ್ಲಿ ಉಳಿದಿದ್ದ ಒಂದು ದಂಟನ್ನು ತಂದು, ಪಡಸಾಲೆಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದ ಅವ್ವನ ಮೂಗಿಗೆ ಹಿಡಿದೆ. ಅವ್ವ ಊರು ಬಿಟ್ಟು ನಮ್ಮ ಜೊತೆಗೆ ಬಂದು ಬಹಳ ಕಾಲವಾಯಿತು. ಕಣ್ಣು ಮಂಜಾಗಿದೆ, ಮೂಗು ಚುರುಕಾಗಿದೆ. ಅವಳಿಗೆ ನಾನೇನೂ ಹೇಳಿಕೊಡಲಿಲ್ಲ. ಸಾಕ್ಷಿಗೆ ಉತ್ತರ ಹೇಳಿಕೊಡಬಾರದು. ಅವಳು ಮೂಸಿದಳು, ಕೈಯಲ್ಲಿ ತಡವಿದಳು, ಮತ್ತೆ ಮೂಸಿದಳು.

“ವಾಸ್ನೆ ನಿಮ್ಮಪ್ಪನ ಸೊಪ್ಪಿಂದೇ ಕಣ್ಲಾ. ಆದ್ರೆ ಅದಲ್ಲ ಇದು. ಅದರ ಕಡ್ಡಿ ಪೊರಕೆಕಡ್ಡಿ ಹಂಗೆ ಸಣ್ಣಕಿತ್ತು. ಇದೇನು ಬಾಳೆದಿಂಡಿದ್ದಂಗೈತೆ.”

‘ನಿಮ್ಮಪ್ಪನ ಸೊಪ್ಪು’ ಎಂಬ ಮಾತನ್ನು ಅವಳ ಬಾಯಲ್ಲಿ ಕೇಳಿದ್ದು ಅದೇ ಮೊದಲು. ಏನದು ಎಂದು ಕೇಳಿದ್ದಕ್ಕೆ ನಿಧಾನವಾಗಿ ಹೇಳಿದಳು. ಅಜ್ಜಿಗೆ ಕೀಲುನೋವಿತ್ತು. ಅಪ್ಪ ಕಡ್ಲೆಕಾಯಿ ಮಾರಲು ಶಿರಾಕ್ಕೆ ಹೋದಾಗಲೆಲ್ಲ ಅಲ್ಲಿನ ಗ್ರಂಧಿಗೆ ಅಂಗಡಿಯಿಂದ ಅಜಮೋದದ ಬೀಜ ತರುತ್ತಿದ್ದ. ಅಜ್ಜಿ ಅದನ್ನು ಕುಟ್ಟಿ ಬಿಸಿನೀರಿನಲ್ಲಿ ಕುಡಿಯುತ್ತಿದ್ದಳು. ಕೇರಿದಾಗ ಹಾರಿದ್ದೋ, ಒರಳು ತೊಳೆದಾಗ ಹೋದದ್ದೋ, ಬಚ್ಚಲ ನೀರು ಹೋಗುವ ಕಡೆ ಗಿಡ ತಾನಾಗಿಯೇ ಎದ್ದಿತು. ದನ ಮೂಸಿ ಬಿಟ್ಟವು. ಅಪ್ಪ ಮಾತ್ರ ಹೊಲದಿಂದ ಬಂದವನು ಕಾಲು ತೊಳೆದು, ಒಂದು ಕಡ್ಡಿ ಮುರಿದು ಜಗಿಯುತ್ತಿದ್ದ, ಉಪ್ಪುಸಾರಿಗೂ ಹಾಕಿಸಿಕೊಳ್ಳುತ್ತಿದ್ದ. ಅವನು ಸತ್ತ ಮೇಲೆ ಮಾಲಯ ಅಮಾವಾಸ್ಯೆಯ ಎಡೆಗೆ, ಅವನಿಗೆ ಇಷ್ಟವೆಂದು, ಅವ್ವ ಆ ಸೊಪ್ಪಿನ ಒಂದು ಹಿಡಿಯನ್ನು ಬಾಳೆಲೆಯ ಮೂಲೆಯಲ್ಲಿ ಇಡತೊಡಗಿದಳು. ನಮ್ಮ ಕಡೆ ಹಿರಿಯರ ಎಡೆಗೆ ಸತ್ತವರು ಇಷ್ಟಪಟ್ಟದ್ದನ್ನೇ ಇಡುವುದು. ಬೀಡಿ ಸೇದುತ್ತಿದ್ದವರಿಗೆ ಬೀಡಿಯೂ ಉಂಟು. ಕೆಲವು ವರ್ಷ ಕಳೆದ ಮೇಲೆ ಬಚ್ಚಲಿಗೆ ಗುಂಡಿ ತೋಡಿಸಿದರು, ನೆಲ ಒಣಗಿತು, ಗಿಡ ಹೋಯಿತು. ಅವತ್ತಿನಿಂದ ಕೊತ್ತಂಬರಿ.

“ಕೊತ್ತಂಬ್ರಿ ಇಟ್ಟು ಇಟ್ಟು ಅವನ್ನ ಯಾಮಾರಿಸ್ದೆ ಕಣ್ಲಾ ಇಷ್ಟ್ ಕಾಲ” ಎಂದಳು ಅವ್ವ. “ಮಾತಾಡ್ದೋನಲ್ಲ, ಅದ್ಕೆ ಸುಮ್ಕವ್ನೆ. ನಾನು ಕಣ್ಮುಚ್ಚೋದ್ರೊಳಗೆ ಒಂದ್ಸಲ ಅದ್ನ ಇಟ್ಟು ಕೈ ಮುಗೀಬೇಕು.”

ಕೊಳಾಲದ ಕಂತೆಯನ್ನೇ ಇಟ್ಟರೆ ಆಗದೇ ಎಂದೆ. ಬಾಳೆದಿಂಡು ಇಟ್ಟರೆ ಅವನು ಗುರುತು ಹಿಡಿಯುವುದಿಲ್ಲ ಎಂದಳು. ಗುರುತಿನ ಪ್ರಶ್ನೆ ನನ್ನದೂ ಆಗಿದ್ದರಿಂದ ನಾನು ವಾದಿಸಲಿಲ್ಲ.

ಬದಲು ಓದತೊಡಗಿದೆ. ಒಂದು ನೆನಪು ನಿಜವೋ ಸುಳ್ಳೋ ಎಂದು ನೋಡುವುದಕ್ಕೆ ಈಜಿಪ್ಟಿನಿಂದ ಶುರುಮಾಡುವುದು ನನ್ನಂಥವನ ದಡ್ಡತನ. ಆದರೆ ಓದಿದ್ದು ವ್ಯರ್ಥವಾಗಲಿಲ್ಲ. ಸೆಲರಿ ಮೂಲದಲ್ಲಿ ತೋಟದ ಗಿಡವೇ ಅಲ್ಲ. ಮೆಡಿಟರೇನಿಯನ್ ಸಮುದ್ರದ ಸುತ್ತಿನ ಜೌಗು ನೆಲದ್ದು, ಉಪ್ಪುನೀರು ತಾಗಿದರೂ ಸಾಯದ ಕಾಡುಸೊಪ್ಪು. ಕಡ್ಡಿ ಸಣ್ಣ, ರುಚಿ ಕಹಿ. ಜನ ಅದನ್ನು ಊಟಕ್ಕಿಂತ ಮೊದಲು ಔಷಧಕ್ಕೆ ಬಳಸಿದರು, ಸಾವಿಗೆ ಬಳಸಿದರು. ಈಜಿಪ್ಟಿನ ಎಳೆಯ ದೊರೆಯೊಬ್ಬನ ಗೋರಿಯೊಳಗೆ ಸಿಕ್ಕ ಹಾರದಲ್ಲಿ ಈ ಎಲೆಗಳಿದ್ದವು. ಗ್ರೀಕರು ಪಂದ್ಯ ಗೆದ್ದವನ ತಲೆಗೆ ಇದನ್ನು ಸುತ್ತುತ್ತಿದ್ದರು. ಇದನ್ನೇ ಸತ್ತವರ ಗೋರಿಯ ಮೇಲೂ ಇಡುತ್ತಿದ್ದರು. ಉಳಿಯುವ ಆಸೆಯಿಲ್ಲದ ರೋಗಿಯನ್ನು ಕಂಡು ‘ಇವನಿಗಿನ್ನು ಸೆಲರಿಯೊಂದೇ ಬೇಕಾಗಿರುವುದು’ ಎನ್ನುವ ಮಾತು ಅವರಲ್ಲಿತ್ತು. ಯುದ್ಧಕ್ಕೆ ಹೊರಟ ಸೈನ್ಯವೊಂದಕ್ಕೆ ಎದುರಿಗೆ ಸೆಲರಿ ಹೊತ್ತ ಹೇಸರಗತ್ತೆಗಳು ಬಂದವಂತೆ. ಸಾವಿನ ಶಕುನವೆಂದು ಸೈನಿಕರು ನಿಂತುಬಿಟ್ಟರು. ಅವರ ದಂಡನಾಯಕ ಅದೇ ಸೊಪ್ಪನ್ನು ಕಿತ್ತು ತಲೆಗೆ ಸುತ್ತಿಕೊಂಡು, ಇದು ಗೆದ್ದವರು ಮುಡಿಯುವುದೂ ಹೌದಲ್ಲ ಎಂದನಂತೆ. ನಮ್ಮಲ್ಲಿ ಬೆಕ್ಕು ಅಡ್ಡ ಬಂದರೆ ಚಪ್ಪಲಿ ಬಿಟ್ಟು ಹಾಕಿಕೊಳ್ಳುತ್ತಾರೆ; ಆ ದಂಡನಾಯಕ ಬೆಕ್ಕನ್ನೇ ಎತ್ತಿಕೊಂಡ.

ಇವುಗಳಲ್ಲೂ ಅನುಮಾನಕ್ಕೆ ಜಾಗವಿದೆ. ಆ ಕಾಲದಲ್ಲಿ ಒಂದೇ ಹೆಸರು ಎರಡು ಮೂರು ಗಿಡಗಳಿಗೆ ಓಡಾಡುತ್ತಿತ್ತು. ಒಬ್ಬ ವಿದ್ವಾಂಸ ಸೆಲರಿ ಎಂದದ್ದನ್ನು ಇನ್ನೊಬ್ಬ ಪಾರ್ಸ್ಲಿ ಎನ್ನುತ್ತಾನೆ. ಆದರೆ ಒಂದು ವಿಷಯದಲ್ಲಿ ಎಲ್ಲರೂ ಹೊಂದುತ್ತಾರೆ. ಅವ್ವ ಹೇಳಿದ ಬಾಳೆದಿಂಡು ತೀರ ಈಚಿನದು. ಕೆಲವು ನೂರು ವರ್ಷಗಳ ಹಿಂದೆ ಇಟಲಿ, ಫ್ರಾನ್ಸಿನ ಕಡೆಯ ತೋಟದವರು ದಂಟು ದಪ್ಪವಾದ, ಕಹಿ ಕಡಿಮೆಯಾದ ಗಿಡಗಳ ಬೀಜವನ್ನೇ ಆರಿಸುತ್ತ ಬಂದರು. ಬುಡಕ್ಕೆ ಮಣ್ಣೇರಿಸಿ, ಬಿಸಿಲು ತಾಗದಂತೆ ಮುಚ್ಚಿ, ದಂಟನ್ನು ಬಿಳಿಚಿಸಿ ಮೆತ್ತಗೆ ಮಾಡಿದರು. ಅದು ಹಡಗು ಹತ್ತಿ, ಬಿಳಿಯರ ಊಟದ ಮೇಜಿಗೆ ಬಂದು, ಅಲ್ಲಿಂದ ಹೋಟೆಲಿಗೆ, ಹೋಟೆಲಿನಿಂದ ಕೊಳಾಲದ ನೆರಳುಪರದೆಯ ಕೆಳಗೆ ಬಂದಿದೆ. ಅದಕ್ಕೂ ಬಹಳ ಮೊದಲೇ ಅದರ ಬೀಜ ಅಜಮೋದ ಎಂಬ ಹೆಸರಿನಲ್ಲಿ, ವೈದ್ಯರ ಡಬ್ಬಿಗಳಲ್ಲಿ ಈ ನೆಲಕ್ಕೆ ಬಂದಿತ್ತು. ಪಂಜಾಬಿನ ಕಡೆ ಈಗಲೂ ಅದನ್ನು ಬೀಜಕ್ಕಾಗಿಯೇ ಬೆಳೆಯುತ್ತಾರೆ. ಒಂದೇ ಗಿಡ ಎರಡು ಬಾಗಿಲಿನಿಂದ ಬಂದು, ಒಳಗೆ ಪರಸ್ಪರ ಗುರುತಿಲ್ಲದೆ ಕೂತಿದೆ.

ಓದಿನಿಂದ ಒಂದು ಅನಾಹುತವೂ ಆಯಿತು. ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿರುವಾಗ, ಅಪ್ಪನ ಸಮಾಧಿಯ ಹಸಿ ಮಣ್ಣಿನ ಮೇಲೆ ಆ ಸೊಪ್ಪನ್ನು ಹರಡಿದ್ದು ನನಗೆ ಸ್ಪಷ್ಟವಾಗಿ ನೆನಪಾಯಿತು. ಬಿಸಿಲಿಗೆ ಎಲೆ ಬಾಡಿದ್ದು ಕೂಡ. ಬ್ರಷ್ಷು ಬಾಯಲ್ಲೇ ಇಟ್ಟುಕೊಂಡು ನಿಂತೆ. ಇಷ್ಟು ವರ್ಷ ಎಲ್ಲಿತ್ತು ಇದು? ಗ್ರೀಕರ ಗೋರಿಯ ಬಗ್ಗೆ ಓದುವ ಮೊದಲು ಏಕೆ ಬರಲಿಲ್ಲ? ಒಂದು ಹೊಸ ನೆನಪನ್ನು ಮನಸ್ಸು ಇಷ್ಟು ಚೊಕ್ಕವಾಗಿ ಹೊಲಿಯಬಲ್ಲದಾದರೆ ಹಳೆಯದನ್ನೂ ಅದೇ ಹೊಲಿದಿರಬಹುದು.

ಆಗ ಪಾವಗಡದ ಬಸ್ಸು ಹತ್ತಿದೆ. ಅಲ್ಲಿ ನನ್ನ ಅಕ್ಕ ಇದ್ದಾಳೆ. ಅಪ್ಪ ಸತ್ತಾಗ ಅವಳಿಗೆ ತಿಳಿವಳಿಕೆ ಬಂದಿತ್ತು. ಮದುವೆಯಾಗಿ ಹೋದ ಮೇಲೆ ಅವಳ ಮಾತಿಗೆ ಅರ್ಧ ತೆಲುಗು ಬೆರೆತಿದೆ, ಬೈಯುವಾಗ ಪೂರ್ತಿ. ಅವಳ ಮನೆಯ ತೊಲೆಗೆ ಅಪ್ಪನ ಕುಡುಗೋಲು ಸಿಕ್ಕಿಸಿರುವುದನ್ನು ನಾನು ಹೋದಾಗಲೆಲ್ಲ ನೋಡುತ್ತೇನೆ. ಊರ ಮನೆ ಬಿಟ್ಟಾಗ ನಾನು ಫೋಟೊ ತಂದೆ, ಅವಳು ಕುಡುಗೋಲು ಒಯ್ದಳು. ಬಳಸುತ್ತೀಯೇನು ಎಂದು ಈ ಸಲ ಕೇಳಿದೆ. ಅದು ಮೊಂಡು, ಮನೆಯಲ್ಲಿ ಯಾರ ಕೈಗೂ ಬಗ್ಗುವುದಿಲ್ಲ, ಅಪ್ಪನ ಗುರುತೆಂದು ಸಾಣೆಗೂ ಕೊಟ್ಟಿಲ್ಲ ಎಂದಳು.

ಸಮಾಧಿಯ ಮೇಲೆ ಹರಡಿದ ಸೊಪ್ಪಿನ ಮಾತು ತೆಗೆದೆ. ಅಕ್ಕ ಅಕ್ಕಿ ಆರಿಸುವುದು ನಿಲ್ಲಿಸಿ ನೋಡಿದಳು.

“ಏಮ್ರಾ ತಮ್ಮಾ, ಓದಿ ಓದಿ ತಲೆ ಕೆಟ್ಟೋಯ್ತಾ? ಮಣ್ಣಿನ್ ಮೇಲೆ ಜಾಲಿಮುಳ್ಳು ಹಾಕಿದ್ರು, ನಾಯಿ ಕೆದಕ್ದೆ ಇರ್ಲಿ ಅಂತ. ಸೊಪ್ಪು ಗಿಪ್ಪು ಏಮೀ ಲೇದು. ನೀನೆಲ್ಲಿ ಬಂದಿದ್ದೆ ಅಲ್ಲೀಗೆ? ಪಕ್ಕದ ಮನೇಲಿ ಮಲಗ್ಸಿದ್ರು ನಿನ್ನ.”

ಹೀಗೆ ಒಂದು ನೆನಪು ಸತ್ತಿತು. ನನಗೆ ಒಂದು ಬಗೆಯ ನೆಮ್ಮದಿಯೇ ಆಯಿತು. ಸುಳ್ಳು ಸಿಕ್ಕಿಬಿದ್ದರೆ ನಿಜಕ್ಕೆ ಬಲ ಬರುತ್ತದೆ ಎಂದುಕೊಂಡೆ. ಆ ಧೈರ್ಯದಲ್ಲಿ ಇಷ್ಟು ವರ್ಷ ಯಾರಿಗೂ ಹೇಳದ ಬಚ್ಚಲ ಹಿಂದಿನ ವಿಷಯವನ್ನೂ ಹೇಳಿದೆ. ಯಾರೋ ಎತ್ತಿಕೊಂಡದ್ದು, ಕಡ್ಡಿ ಮುರಿದು ಬಾಯಿಗಿಟ್ಟದ್ದು. ಯಾರು ಎಂದು ಹೇಳಲಿಲ್ಲ.

“ಓ, ಅದಾ” ಎಂದಳು ಅಕ್ಕ. “ಅದು ನಾನೇ ಅಲ್ವೇನೋ. ಅಪ್ಪ ಹೋದ್ಮೇಲೆ. ನೀನು ಒಂದೇ ಸಮ ಅಳ್ತಿದ್ದೆ. ಎತ್ಕೊಂಡ್ ಬಚ್ಚಲ ಹಿಂದಕ್ಕೆ ಹೋಗಿ, ಅಪ್ಪ ತಿಂತಿದ್ದ ಸೊಪ್ಪು ನೋಡು ಅಂತ ಬಾಯಿಗಿಟ್ಟೆ. ತೂ ಅಂತ ನನ್ ಮೇಲೇ ಉಗಿದೆ.”

ಆಗ ನೀನು ನಕ್ಕೆಯಾ ಎಂದು ಕೇಳಿದೆ.

“ಆಗ ನಗೋಕೆ ಏನೋ ಇತ್ತು?” ಎಂದು ಅಕ್ಕ ಮತ್ತೆ ಮೊರದ ಕಡೆ ಬಗ್ಗಿದಳು.

ತಿರುಗಿ ಬರುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ನಾನು ವಕೀಲನ ಹಾಗೆ ಎರಡೂ ಕಡೆ ವಾದಿಸಿದೆ. ಅಕ್ಕ ಸುಳ್ಳು ಹೇಳುವವಳಲ್ಲ. ಅವಳು ನನಗೆ ಆ ಸೊಪ್ಪು ತಿನ್ನಿಸಿರುತ್ತಾಳೆ. ಅಪ್ಪ ಅದಕ್ಕೆ ಮೊದಲು ಇನ್ನೊಮ್ಮೆ ತಿನ್ನಿಸಿರಬಹುದು, ತಿನ್ನಿಸದೆಯೂ ಇರಬಹುದು. ಎದೆ ಅಲುಗಿದ ನಗು ನನ್ನ ಆಸೆ ಸೇರಿಸಿದ್ದಿರಬಹುದು. ಹೀಗೆ ವಾದಿಸುತ್ತ, ಆ ನೆನಪಿನೊಳಗೆ ಮೈಯಿಟ್ಟು ಕೂತು ನೋಡಿದಾಗ, ಇಷ್ಟು ದಿನ ಲಕ್ಷ್ಯಕ್ಕೆ ಬಾರದ ಒಂದು ಸಂಗತಿ ಕಂಡಿತು. ನಾನು ಕೂತಿರುವುದು ಎತ್ತಿಕೊಂಡವರ ಬಲ ಸೊಂಟದ ಮೇಲೆ. ಕಡ್ಡಿ ಮುರಿದದ್ದು ಎಡಗೈ. ನಮ್ಮ ಹೆಂಗಸರಾಗಲಿ ಗಂಡಸರಾಗಲಿ ಮಗುವನ್ನು ಎಡ ಸೊಂಟದ ಮೇಲೆ ಕೂರಿಸಿಕೊಂಡು ಬಲಗೈಯನ್ನು ಕೆಲಸಕ್ಕೆ ಬಿಡುವು ಮಾಡಿಕೊಳ್ಳುತ್ತಾರೆ. ಬಸ್ಸಿನಲ್ಲಿ ಎದುರಿಗೆ ಕೂಸು ಹೊತ್ತು ನಿಂತಿದ್ದ ತಾಯಿಯೂ ಹಾಗೆಯೇ ನಿಂತಿದ್ದಳು. ಅಕ್ಕ ಅಕ್ಕಿ ಆರಿಸುವುದರಿಂದ ಹಿಡಿದು ನನಗೆ ಬೈದು ಬೆರಳು ತೋರಿಸುವವರೆಗೆ ಎಲ್ಲ ಮಾಡುವುದು ಬಲಗೈಯಲ್ಲಿ.

ಮನೆಗೆ ಬಂದವನು ಚಪ್ಪಲಿ ಬಿಡುವ ಮೊದಲೇ ಅವ್ವನನ್ನು ಕೇಳಿದೆ, ಅಪ್ಪ ಎಡಗೈಯವನೇ ಎಂದು.

“ಬುಡ್ತು ಅನ್ನು” ಎಂದಳು ಅವ್ವ. ಕೆಟ್ಟ ಮಾತು ಬಾಯಿಗೆ ಬಂದರೆ ಹಾಗೆ ಹೇಳಿಸುತ್ತಾರೆ. ನಾನು ಬಿಡ್ತು ಅಂದೆ. “ಎಲೆ ಮುಂದೆ ಕುಂತು ಎಡಗೈ ಅನ್ನಕ್ಕಿಕ್ಕಿದೋನಲ್ಲ ನಿಮ್ಮಪ್ಪ. ಯಾರಂದ್ರು ನಿಂಗೆ?”

ಯಾರೂ ಅನ್ನಲಿಲ್ಲ ಎಂದೆ. ಅದು ನಿಜವೂ ಆಗಿತ್ತು. ಅಲ್ಲಿಗೆ ನನ್ನ ಮಟ್ಟಿಗೆ ವಿಚಾರಣೆ ಮುಗಿಯಿತು. ನನ್ನ ನೆನಪು ಎಡಬಲ ಅದಲುಬದಲಾದ, ಕನ್ನಡಿಯೊಳಗಿನ ಚಿತ್ರ. ಕನ್ನಡಿಯ ಚಿತ್ರವನ್ನು ಮನಸ್ಸು ಬರೆದದ್ದು, ಕಂಡದ್ದಲ್ಲ. ಅಪ್ಪನಿಲ್ಲದ ಮನೆಯ ಹುಡುಗ ಅಕ್ಕನ ತೋಳಿಗೆ ಅಪ್ಪನ ತೋಳನ್ನು ಅಂಟಿಸಿಕೊಂಡ, ಅಷ್ಟೆ. ಈ ತೀರ್ಮಾನವನ್ನು ನಾನು ಬೇರೆಯವರ ವಿಷಯದಲ್ಲಿ ಬಹಳ ಸಲೀಸಾಗಿ ಕೊಟ್ಟಿದ್ದೇನೆ. ನನ್ನ ವಿಷಯದಲ್ಲಿ ಕೊಟ್ಟ ಮೇಲೆ ಕೆಲವು ದಿನ ಊಟ ರುಚಿಸಲಿಲ್ಲ.

ಉಳಿದದ್ದು ಅವ್ವನ ಎಡೆ. ನನ್ನ ಅಪ್ಪ ಹೋದರೂ ಅವಳ ಗಂಡ ಇದ್ದಾನಲ್ಲ. ಶಿರಾಕ್ಕೆ ಹೋದೆ. ಅಪ್ಪ ಹೋಗುತ್ತಿದ್ದ ಅಂಗಡಿ ಯಾವುದೋ, ಜಾಮಿಯಾ ಮಸೀದಿಯ ಕಡೆಯ ಬೀದಿಯಲ್ಲಿ ಹಳೆಯದಾಗಿ ಕಂಡ ಒಂದು ಗ್ರಂಧಿಗೆ ಅಂಗಡಿಗೆ ನುಗ್ಗಿದೆ. ಬಿಳಿಗಡ್ಡದ ಸಾಬರು ಅಜಮೋದ ಎಂದ ಕೂಡಲೇ ಡಬ್ಬಿ ತೆಗೆದರು. ಕೂದಲ ತುದಿಯಷ್ಟು ಸಣ್ಣ ಕಂದು ಬೀಜ. ಈ ಹೆಸರಿನಲ್ಲಿ ಒಂದೊಂದು ಊರಿನಲ್ಲಿ ಒಂದೊಂದು ಬೀಜ ಮಾರುತ್ತಾರೆಂದು ನಾನು ಓದಿದ್ದೆ. ಇದು ಓಮವಲ್ಲವಷ್ಟೆ, ಓಮದ ಜಾತಿಯ ಬೇರೆ ಕಾಡುಬೀಜವಲ್ಲವಷ್ಟೆ, ಎಲ್ಲಿಂದ ಬರುತ್ತದೆ, ಬಿತ್ತಿದರೆ ಮೊಳೆಯುತ್ತದೆಯೇ ಎಂದು ಒಂದರ ಮೇಲೊಂದು ಕೇಳಿದೆ.

“ದೇಖೋ ಸಾಬ್” ಎಂದರು ಅವರು, “ಇದನ್ನ ಕೇಳ್ಕೊಂಡ್ ಬರೋರು ಹೊಟ್ಟೆ ಹಿಡ್ಕೊಂಡ್ ಬರ್ತಾರೆ, ಇಲ್ಲಾ ಮೊಣಕಾಲ್ ಹಿಡ್ಕೊಂಡ್ ಬರ್ತಾರೆ. ನೀವು ಕೋರ್ಟಿಂದ ಬಂದಂಗ್ ಬಂದಿದೀರ. ಮೊಳೀತೈತಾ ಇಲ್ವಾ ಖುದಾಗೇ ಗೊತ್ತು. ನಾನು ತೂಕಕ್ಕೆ ಮಾತ್ರ ಜವಾಬ್ದಾರಿ.”

ಪೊಟ್ಟಣ ತಂದೆ. ಅವ್ವನೂ ನಾನೂ ಸೇರಿ ಕುಂಡಕ್ಕೆ ಗೊಬ್ಬರ ಮಣ್ಣು ತುಂಬಿ, ನಮ್ಮ ಕಡೆಯ ಜನ ಏನನ್ನು ಬಿತ್ತಿದರೂ ಮಾಡುವಂತೆ, ಬೀಜದ ಮೇಲೆ ಬೆರಳುದ್ದ ಮಣ್ಣು ಎಳೆದು ಮುಚ್ಚಿ ಅದುಮಿದೆವು. ರಾಗಿ, ಕಡ್ಲೆಕಾಯಿ, ತೊಗರಿಗಳ ನಾಡಿನವರಿಗೆ ಬೀಜವೆಂದರೆ ಮುಚ್ಚಬೇಕಾದದ್ದು. ಆಷಾಢದ ಗಾಳಿ ಶುರುವಾದರೂ ಕುಂಡದಲ್ಲಿ ಏನೂ ಬರಲಿಲ್ಲ. ಬೀಜ ಹಳೆಯದೆಂದು ನಾನೆಂದೆ. ಅವ್ವ ಕುಂಡವನ್ನು ಎಳೆದುಕೊಂಡು ಹೋಗಿ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ಸೋಪಿನ ನೀರು ಹರಿದು ಕೆಸರಾಗುವಲ್ಲಿ, ಬೋರಲು ಹಾಕಿ ಮಣ್ಣು ಸುರಿದು ಬಂದಳು. ಅದನ್ನು ನಾವು ಮರೆತೆವು.

ಅಲ್ಲಿ ಬಂತು. ಮೇಲೆ ಬಿದ್ದು, ಬೆಳಕು ಕಂಡು, ಕೆಸರಿನಲ್ಲಿ ನೆನೆದ ಬೀಜಗಳು ಮಾತ್ರ ಕಣ್ಣಿಗೆ ಕಾಣದಷ್ಟು ಸಣ್ಣಗೆ ಎದ್ದವು. ಈ ಬೀಜಕ್ಕೆ ಬೆಳಕು ಬೇಕು, ಮಣ್ಣು ಮುಚ್ಚಬಾರದು ಎಂದು ನಾನು ಆಮೇಲೆ ಪುಸ್ತಕದಲ್ಲಿ ಓದಿದೆ. ಊರಿನ ಬಚ್ಚಲ ಹಿಂದೆಯೂ ಅದು ಬಂದದ್ದು ಹಾಗೆಯೇ ಇರಬೇಕು. ಯಾರೂ ಬಿತ್ತದೆ ಇದ್ದುದರಿಂದ ಬಂತು. ಭಾದ್ರಪದದ ಹೊತ್ತಿಗೆ ಗೇಣುದ್ದ ಬೆಳೆದಿತ್ತು. ಕಡ್ಡಿ ಸಣ್ಣ, ಒಳಗೆ ಟೊಳ್ಳು, ಹಸಿರು ಕಡುಹಸಿರು. ಅವ್ವ ಬಗ್ಗಿ ಒಂದು ಎಲೆ ಹೊಸಕಿ ಮೂಸಿದಳು. “ಇದು” ಎಂದಳು. ಅಷ್ಟೇ ಹೇಳಿ ಒಳಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ.

ಮಾಲಯ ಅಮಾವಾಸ್ಯೆಗೆ ಅಕ್ಕನನ್ನು ಕರೆಸಿದೆವು. ಬರುವಾಗ ಅಪ್ಪನ ಕುಡುಗೋಲು ತರಬೇಕೆಂದು ಅವ್ವ ಹೇಳಿಕಳಿಸಿದ್ದಳು. ಅವನ ಸೊಪ್ಪನ್ನು ಅವನ ಕುಡುಗೋಲಿನಲ್ಲೇ ಕೊಯ್ಯಬೇಕು, ಮಗನೇ ಕೊಯ್ಯಬೇಕು ಎಂಬುದು ಅವಳ ಆಸೆ. ಅಕ್ಕ ಅದನ್ನು ಹಳೆಯ ಸೀರೆಯಲ್ಲಿ ಸುತ್ತಿ ತಂದಳು. ಒಳಗೆ ಒಬ್ಬಟ್ಟು ಬೇಯುವ ವಾಸನೆ, ಹಿತ್ತಲಿನಲ್ಲಿ ಸೋಪಿನ ವಾಸನೆ. ಮಿಂದು, ಒದ್ದೆ ಪಂಚೆಯಲ್ಲಿ, ನಾನು ಕುಡುಗೋಲು ಹಿಡಿದು ಕೆಸರಿನ ಪಕ್ಕ ಕುಕ್ಕರುಗಾಲಿನಲ್ಲಿ ಕೂತೆ. ಒಂದು ಹಿಡಿ ಕಡ್ಡಿಯನ್ನು ಎಡಗೈಯಲ್ಲಿ ಹಿಡಿದು ಬಲಗೈಯಿಂದ ಎಳೆದೆ. ಕೊಯ್ಯಲಿಲ್ಲ. ಅಲಗು ಜಾರಿ ಕಡ್ಡಿ ಜಜ್ಜಿತು. ಇನ್ನೊಮ್ಮೆ ಎಳೆದೆ, ಬುಡಸಮೇತ ಕಿತ್ತು ಬರುವಂತಾಯಿತು.

“ಅದು ಮೊಂಡು ಅಂತ ಹೇಳ್ಲಿಲ್ವಾ” ಎಂದಳು ಅಕ್ಕ. “ಮೇಷ್ಟ್ರ ಕೈ ಬೇರೆ. ಚಾಕು ತರ್ತೀನಿ ಇರು.”

ಅವ್ವ ಬಾಗಿಲಿನಲ್ಲಿ ನಿಂತಿದ್ದಳು. ಕಣ್ಣು ಮಂಜಾದವಳಿಗೆ ಏನು ಕಂಡಿತೋ, ಏನು ಕೇಳಿಸಿತೋ. ಕುಡುಗೋಲು ಕಡ್ಡಿಯ ಮೇಲೆ ಜಾರುವ ಸದ್ದೇ ಇರಬೇಕು.

“ಆ ಕೈಲಿ ಬರಾಕಿಲ್ಲ ಮಗ ಅದು” ಎಂದಳು.

ನಾನು ಅವಳ ಕಡೆ ನೋಡಿದೆ. ಅವಳು ನನ್ನ ಕಡೆ ನೋಡಲಿಲ್ಲ. ಕೈ ಬದಲಿಸಿದೆ. ಎಡಗೈಯಲ್ಲಿ ನನಗೆ ಪೆನ್ನು ಹಿಡಿಯಲೂ ಬರುವುದಿಲ್ಲ. ಆದರೂ ಅಲಗು ತಾನಾಗಿಯೇ ಕಡ್ಡಿಗೆ ಕಚ್ಚಿಕೊಂಡು, ಸರಕ್ಕನೆ ಬಂತು. ಘಾಟು ಮುಖಕ್ಕೆ ಹೊಡೆಯಿತು. ಅಕ್ಕ ಚಾಕು ತರಲು ಹೊರಟವಳು ಅಲ್ಲೇ ನಿಂತಳು.

ಎಡೆಯಿಟ್ಟು, ಕೈ ಮುಗಿದು, ಬಾಗಿಲು ಹಾಕಿ, ಹಿರಿಯರು ಊಟ ಮಾಡಲೆಂದು ನಾವೆಲ್ಲ ಪಡಸಾಲೆಯಲ್ಲಿ ಕೂತಿದ್ದಾಗ ಅವ್ವ ಹೇಳಿದಳು. ಅಪ್ಪನಿಗೆ ಚಿಕ್ಕಂದಿನಿಂದ ಎಡಗೈ ಮುಂದು. ಅಜ್ಜಿ ಊಟಕ್ಕೆ ಕೂರಿಸಿದಾಗಲೆಲ್ಲ ಆ ಕೈಯನ್ನು ಕಂಬಕ್ಕೆ ಕಟ್ಟಿ ಬಲಗೈಯನ್ನು ರೂಢಿ ಮಾಡಿಸಿದ್ದಳು. ಹೊಲದಲ್ಲಿ ಮಾತ್ರ ಅದು ನಿಲ್ಲಲಿಲ್ಲ. ಕೊಯ್ಲಿನ ಸಾಲಿನಲ್ಲಿ ಅವನ ಕುಡುಗೋಲು ಪಕ್ಕದವರಿಗೆ ಅಡ್ಡ ಬರುತ್ತದೆಂದು ಅವನು ಯಾವಾಗಲೂ ಸಾಲಿನ ಕೊನೆಯಲ್ಲಿ, ಒಬ್ಬನೇ ಕೊಯ್ಯುತ್ತಿದ್ದ. ಜನ ಆಡಿಕೊಳ್ಳುತ್ತಿದ್ದರು.

“ನಾನು ಸೊಸೆಯಾಗ್ ಬಂದ ದಿನ ಅತ್ತೆ ಅಂದ್ಲು, ನನ್ ಮಗನ ಎಡಗೈ ಮಾತು ನಿನ್ ಬಾಯಾಗೆ ಬರ್ಬಾರ್ದು ಅಂತ. ಆಯ್ತವ್ವ ಅಂದೆ. ಅತ್ತೆ ಹೋದ್ಲು, ಅವ್ನೂ ಹೋದ. ಮಾತು ಮಾತೇ ಅಲ್ವೇನ್ಲಾ?” ಆಮೇಲೆ ಸೇರಿಸಿದಳು: “ನಿನ್ನ ಎತ್ಕಳ್ಳೋದೂ ಅಂಗೇ. ಎಲ್ಲರ ಕೂಸೂ ಒಂದ್ ಕಡೆ, ಅವನ ಕೂಸು ಇನ್ನೊಂದ್ ಕಡೆ.”

ಅಕ್ಕ ಸೆರಗು ಬಾಯಿಗೆ ಹಿಡಿದುಕೊಂಡಳು. ನಾನು ಎದ್ದು ಹಿತ್ತಲಿಗೆ ಹೋದೆ. ಉಳಿದಿದ್ದ ಗಿಡದಿಂದ ಒಂದು ಕಡ್ಡಿ ಮುರಿದು ಬಾಯಿಗೆ ಹಾಕಿಕೊಂಡೆ. ಕಹಿ, ಸ್ವಲ್ಪ ಉಪ್ಪು. ಈ ಸಲ ಉಗುಳಲಿಲ್ಲ.

ಇಲ್ಲಿಗೆ ಮುಗಿಸಿದ್ದರೆ ಚೆನ್ನಾಗಿತ್ತು. ಆದರೆ ಚಟ ಸುಮ್ಮನಿರಲಿಲ್ಲ. ಎಡಗೈ ವಿಷಯವನ್ನು ನಾನೇ ಮೊದಲು ಅವ್ವನ ಕಿವಿಗೆ ಹಾಕಿದ್ದೆ. ಮಗನ ಮುಖ ನೋಡಿ ತಾಯಿ ಏನನ್ನಾದರೂ ಕೊಟ್ಟುಬಿಡುತ್ತಾಳೆ, ಇಲ್ಲದ ನೆನಪನ್ನೂ. ಎಡಗೈಗೆ ಅಲಗು ಕಚ್ಚಿದ್ದು ನಾನು ಹಿಡಿದ ಓರೆಯಿಂದ ಇರಬಹುದು. ಅಪ್ಪನ ಎದೆ ಅಲುಗಿತೋ ಇಲ್ಲವೋ, ಆ ಕಡ್ಡಿಯನ್ನು ಮುರಿದದ್ದು ಅವನೋ ಅಕ್ಕನೋ, ಇದನ್ನು ಹೇಳುವ ಸಾಕ್ಷಿ ಇನ್ನು ಈ ಲೋಕದಲ್ಲಿಲ್ಲ. ಅದನ್ನು ನಾನು ಒಪ್ಪಿಕೊಂಡಿದ್ದೇನೆ.

ಅಕ್ಕ ಕುಡುಗೋಲನ್ನು ತಿರುಗಿ ಒಯ್ಯಲಿಲ್ಲ. ಮುಂದಿನ ವಾರ ನಾನು ಅದನ್ನು ಚೀಲದಲ್ಲಿಟ್ಟುಕೊಂಡು ಮಧುಗಿರಿಯ ಸಂತೆಗೆ ಹೋದೆ. ಕುಡುಗೋಲಿಗೆ ಹಲ್ಲು ಕೊರೆಯುವುದು ಅಲಗಿನ ಒಂದೇ ಮುಖಕ್ಕೆ. ಇನ್ನೊಂದು ಮುಖ ನುಣುಪಾಗಿರುತ್ತದೆ. ಯಾವ ಮುಖಕ್ಕೆ ಎಂಬುದು ಅದನ್ನು ಹಿಡಿಯುವ ಕೈಯ ಮೇಲೆ ಹೋಗುತ್ತದೆ. ನೆಲದ ಮೇಲೆ ಹರಡಿದ್ದ ಹೊಸ ಕುಡುಗೋಲುಗಳ ಸಾಲಿನಲ್ಲಿ, ಹಿಡಿ ನನ್ನ ಕಡೆಗೆ, ತುದಿ ಎಡಕ್ಕೆ ಬಾಗಿರುವಂತೆ, ಅಪ್ಪನದನ್ನೂ ಇಟ್ಟು ನೋಡಿದೆ. ಸವೆದಿತ್ತು, ತುಕ್ಕು ಹಿಡಿದಿತ್ತು, ಆದರೆ ಬೆರಳಾಡಿಸಿದರೆ ತಿಳಿಯುವಷ್ಟು ಗೆರೆ ಉಳಿದಿತ್ತು. ಸಾಲಿನಲ್ಲಿದ್ದ ಎಲ್ಲ ಕುಡುಗೋಲುಗಳ ಹಲ್ಲೂ ಒಂದೇ ಮುಖದಲ್ಲಿತ್ತು. ಅಪ್ಪನದರ ಹಲ್ಲು ಇನ್ನೊಂದು ಮುಖದಲ್ಲಿತ್ತು.